ಫಿಯೋರ್ಡ್ ಹಡಗಿನ ಬಾಲ್ಕನಿ ಅಪ್ಪ ಅಮ್ಮನಿಗೇ ಸೇರಬೇಕು

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಇವತ್ತು ಬರ್ಗನ್ ಊರಿನ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಕಾರಣ, ಹೋದ ವಾರದ ನಾರ್ವೆ ಎಪಿಸೋಡ್ ಕೆಳಗೆ ಬಂದಿರುವ ಒಂದು ಕಾಮೆಂಟ್. ಓದುತ್ತೇನೆ, ಕೇಳಿ.

"ಜೂನ್‌ನಲ್ಲಿ ಸೌತಾಂಪ್ಟನ್‌ನಿಂದ ಫಿಯೋರ್ಡ್ ಕ್ರೂಸ್ ಹೋಗ್ತಿದ್ದೇವೆ. ಊರಿಂದ ಅಪ್ಪ ಅಮ್ಮನೂ ಬರ್ತಿದ್ದಾರೆ. ನಮಗೂ ಮಕ್ಕಳಿಗೂ ಬಾಲ್ಕನಿ ಕ್ಯಾಬಿನ್, ಅವರಿಗೆ ಒಳಗಿನ ಕ್ಯಾಬಿನ್ ಬುಕ್ ಮಾಡಿದ್ದೇವೆ. ವಯಸ್ಸಾದವರು, ಮಲಗೋಕೆ ತಾನೇ ರೂಮಿಗೆ ಹೋಗೋದು?"

ಮಲಗೋಕೆ ತಾನೇ! ಓದಿ ನನಗೆ ಹೊಟ್ಟೆ ಉರಿದು ಹೋಯಿತು. ಕೆಳಗೆ ನಾಲ್ಕಾರು ಜನ "ಗುಡ್ ಪ್ಲಾನ್" ಅಂತ ಬೆನ್ನು ಬೇರೆ ತಟ್ಟಿದ್ದಾರೆ. ನಾನು ಇಂಗ್ಲೆಂಡಿನಲ್ಲಿ ಇರುವವನು. ಇಲ್ಲಿನ ನಮ್ಮ ಕನ್ನಡದ ಮನೆಗಳಲ್ಲಿ ಇದೇ ಲೆಕ್ಕಾಚಾರವನ್ನು ಮತ್ತೆ ಮತ್ತೆ ಕೇಳಿದ್ದೇನೆ. ಹಾಗಾಗಿ ಇವತ್ತು ಹೇಳುವುದು ಒಂದೇ ಮಾತು. ನಾರ್ವೆ ಫಿಯೋರ್ಡಿಗೆ, ಅಂದರೆ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಕಣಿವೆಗೆ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋದರೆ, ಬಾಲ್ಕನಿ ಅವರಿಗೆ ಕೊಡಿ. ಒಳಗಿನ ರೂಮಿಗೆ ನೀವು ಹೋಗಿ.

ಒಳಗಿನ ಕ್ಯಾಬಿನ್ ಅಂದರೆ ಏನು ಗೊತ್ತಲ್ವಾ? ಹಡಗಿನ ನಡುಭಾಗದಲ್ಲಿರುವ, ಕಿಟಕಿಯೇ ಇಲ್ಲದ ರೂಮು. ಲೈಟ್ ಆರಿಸಿದರೆ ಮಧ್ಯಾಹ್ನ 12 ಗಂಟೆಗೂ ಕಗ್ಗತ್ತಲು. ಜೂನ್ ತಿಂಗಳಲ್ಲಿ ಪಶ್ಚಿಮ ನಾರ್ವೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ 11ರ ಹೊತ್ತಿಗೆ. ಬೆಳಗಿನ ಜಾವ 4ಕ್ಕೆಲ್ಲ ಮತ್ತೆ ಹಾಜರ್. ನಡುವೆ ಪೂರ್ತಿ ಕತ್ತಲಾಗುವುದೇ ಇಲ್ಲ. ಅಂಥ ಬೆಳಕಿನ ನಾಡಿನಲ್ಲಿ ಕತ್ತಲಿರುವುದು ಒಂದೇ ಕಡೆ. ಆ ರೂಮನ್ನು ಹುಡುಕಿ ಹುಡುಕಿ ಅಪ್ಪ ಅಮ್ಮನಿಗೆ ಬುಕ್ ಮಾಡಿದ್ದೀರಿ.

ಮೆಡಿಟರೇನಿಯನ್ ಕ್ರೂಸ್ ಆಗಿದ್ದರೆ ನಾನು ಇಷ್ಟು ಮಾತಾಡುತ್ತಿರಲಿಲ್ಲ. ಅಲ್ಲಿ ಹಡಗು ರಾತ್ರಿಯೆಲ್ಲ ಸಮುದ್ರದಲ್ಲಿ ಓಡಿ, ಬೆಳಗ್ಗೆ ಬಾರ್ಸಿಲೋನಾದಲ್ಲೋ ನೇಪಲ್ಸ್‌ನಲ್ಲೋ ನಿಲ್ಲುತ್ತದೆ. ನೋಡಬೇಕಾದ್ದೆಲ್ಲ ಊರೊಳಗೆ. ಫಿಯೋರ್ಡ್ ಹಾಗಲ್ಲ. ಹಿಮಯುಗಗಳಲ್ಲಿ ಹಿಮನದಿಗಳು ಬೆಟ್ಟವನ್ನು ಕೊರೆದು ಆಳದ ಕಣಿವೆ ಮಾಡಿದವು, ಆಮೇಲೆ ಸಮುದ್ರ ಒಳಗೆ ನುಗ್ಗಿತು. ಸೋಗ್ನೆಫಿಯೋರ್ಡ್ ಸಮುದ್ರದಿಂದ 200 ಕಿಲೋಮೀಟರಿಗೂ ಜಾಸ್ತಿ ಒಳನಾಡಿಗೆ ಹೋಗುತ್ತದೆ, ಆಳ 1,300 ಮೀಟರ್ ದಾಟುತ್ತದೆ. ಇಷ್ಟು ಆಳ ಇರುವುದರಿಂದಲೇ ಸಾವಿರಾರು ಜನರನ್ನು ಹೊತ್ತ ಹಡಗು ಬೆಟ್ಟಗಳ ಮಧ್ಯೆ ಸಲೀಸಾಗಿ ಸಾಗುತ್ತದೆ. ನೇರೋಯ್‌ಫಿಯೋರ್ಡಿನಲ್ಲಿ ಒಂದು ಕಡೆ ಅಗಲ ಬರೀ 250 ಮೀಟರ್. ಅಂದರೆ ಇಲ್ಲಿ ನೋಡಬೇಕಾದ್ದು ಹಡಗಿನ ಎರಡೂ ಬದಿಯಲ್ಲಿ, ಹಡಗು ಚಲಿಸುತ್ತಿರುವಾಗಲೇ ಇರುತ್ತದೆ. ಇಲ್ಲಿ ಕಿಟಕಿಯೇ ಪ್ರವಾಸ. ಕಿಟಕಿ ಕಿತ್ತುಕೊಂಡ ಮೇಲೆ ಅವರಿಗೆ ನೀವು ಕೊಟ್ಟದ್ದು ಏನು? ಹಾಸಿಗೆ ಮತ್ತು ಬಫೆ. ಮದುವೆಗೆ ಕರೆದು ಉಗ್ರಾಣದಲ್ಲಿ ಕೂರಿಸಿದ ಹಾಗೆ.

ಇದಕ್ಕೆ ಜನ ಕೊಡುವ ಉತ್ತರಗಳನ್ನೂ ನೋಡೋಣ. ಮೊದಲನೆಯದು, "ಡೆಕ್ ಎಲ್ಲರಿಗೂ ಫ್ರೀ ಅಲ್ವಾ, ಮೇಲೆ ಹೋಗಿ ನೋಡಲಿ."

ಸ್ವಾಮಿ, ನಿಮ್ಮ ಅಮ್ಮನಿಗೆ ಎಷ್ಟು ವಯಸ್ಸು? ಹಡಗು ಗೈರಾಂಗರ್ ಫಿಯೋರ್ಡಿಗೆ ತಿರುಗುವುದು ಬಹಳ ಸಲ ಮುಂಜಾನೆ. ಆಗ ಇಡೀ ಹಡಗಿನ ಜನ ಡೆಕ್ ಮೇಲೆ. ಲಿಫ್ಟ್ ಮುಂದೆ ಕ್ಯೂ. ಕುರ್ಚಿಗಳ ಮೇಲೆ ಯಾರೋ ಟವೆಲ್ ಹಾಕಿ ಹೋಗಿರುತ್ತಾರೆ. ರೇಲಿಂಗ್ ಹತ್ತಿರ ಎತ್ತರದ ಗಂಡಸರು ಮೂರು ಸಾಲು, ಕೈಯಲ್ಲಿ ಕ್ಯಾಮೆರಾ. ಜೂನ್ ಆದರೂ ಗಾಳಿ ಕಿವಿ ಕಚ್ಚುತ್ತದೆ. ಇವೆಲ್ಲಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ವಯಸ್ಸಾದವರಿಗೆ ಬಾತ್‌ರೂಮ್ ಹತ್ತಿರ ಇರಬೇಕು. ಚಳಿಯಲ್ಲಿ ಇನ್ನೂ ಹತ್ತಿರ ಇರಬೇಕು. ಅದಕ್ಕೇ ಅವರು ಐದು ನಿಮಿಷ ನಿಂತು "ಸಾಕು, ನೋಡಾಯ್ತು" ಅಂತ ಕೆಳಗೆ ಇಳಿಯುವುದು. ಮಗನ ಹತ್ತಿರ ಅದನ್ನು ಹೇಳುವುದಿಲ್ಲ, ಸೊಸೆಯ ಹತ್ತಿರ ಸುತರಾಂ ಹೇಳುವುದಿಲ್ಲ. ಬಾಲ್ಕನಿ ಕ್ಯಾಬಿನ್‌ನಲ್ಲಿ ಅದು ನಾಲ್ಕು ಹೆಜ್ಜೆ. ಹೋಗಿ ಬಂದು ಮತ್ತೆ ಕೂರಬಹುದು.

ಎರಡನೆಯದು, "ಬಾಲ್ಕನಿಯಲ್ಲಿ ಅವರಿಗೆ ಚಳಿ ಆಗುತ್ತೆ." ಬಾಗಿಲು ಗಾಜಿನದು! ಮುಚ್ಚಿ, ಒಳಗೆ ಕುರ್ಚಿ ಎಳೆದುಕೊಂಡು, ಶಾಲು ಹೊದ್ದು ಕೂತರೆ ಆಯಿತು. ಈ ವಾದಕ್ಕೆ ಇದಕ್ಕಿಂತ ಜಾಸ್ತಿ ಉತ್ತರ ಬೇಕಿಲ್ಲ.

ಮೂರನೆಯದು, "ಒಳಗಿನ ಕ್ಯಾಬಿನ್‌ನಲ್ಲೂ ಟಿವಿಯಲ್ಲಿ ಹಡಗಿನ ಕ್ಯಾಮೆರಾ ತೋರಿಸ್ತಾರೆ." ಟಿವಿಯಲ್ಲಿ ನೋಡುವುದಾದರೆ ಮೈಸೂರಿನ ಮನೆಯಲ್ಲೇ ಸೋಫಾ ಮೇಲೆ ಕೂತು ನೋಡುತ್ತಿದ್ದರು. ಬೆರಳಚ್ಚು ಕೊಟ್ಟು, 90 ಯೂರೋ ವೀಸಾ ಶುಲ್ಕ ಕಟ್ಟಿ, ವಿಮಾನದಲ್ಲಿ ಕಾಲು ಊದಿಸಿಕೊಂಡು ಬಂದದ್ದು ಟಿವಿ ನೋಡೋಕಾ?

ವೀಸಾ ಅಂದಾಗ ನೆನಪಾಯಿತು. ನಾರ್ವೆ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಷೆಂಗೆನ್ ಒಳಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ, ಇದೆ. ಊರಿಂದ ಬರುವ ಅಪ್ಪ ಅಮ್ಮನಿಗೆ ಬ್ರಿಟನ್ ವೀಸಾ ಒಂದೇ ಸಾಲದು. ಊರಲ್ಲಿರುವಾಗಲೇ ಷೆಂಗೆನ್ ವೀಸಾನೂ ಮಾಡಿಸಿ, ಇಲ್ಲಿಗೆ ಬಂದ ಮೇಲೆ ಓಡಾಡಬೇಡಿ. ಕನಿಷ್ಠ 30,000 ಯೂರೋ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಬೇಕು, ಅದರಲ್ಲಿ ಬಿಪಿ, ಶುಗರ್ ಎಲ್ಲ ಮುಚ್ಚಿಡದೆ ಬರೆಸಿ. ಇದರ ಮೇಲೆ ಒಂದು ಪೂರ್ತಿ ಎಪಿಸೋಡ್ ಮಾಡಿದ್ದೇನೆ, ಚಾನೆಲ್‌ನಲ್ಲಿದೆ. ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಆಗಿ, ಗಂಟೆ ಗುರುತನ್ನೂ ಒತ್ತಿ. ಮನೆಯಲ್ಲಿ ಹಿರಿಯರು ಇರುವವರಿಗೆ ಈ ಚಾನೆಲ್‌ನಲ್ಲಿ ಇರುವಷ್ಟು ವಿವರ ಕನ್ನಡದಲ್ಲಿ ಬೇರೆ ಕಡೆ ಸಿಗುವುದು ಕಷ್ಟ, ಧೈರ್ಯವಾಗಿ ಹೇಳುತ್ತೇನೆ.

ಸರಿ, ಎಲ್ಲಿದ್ದೆ? ಬಾಲ್ಕನಿ.

ಗೈರಾಂಗರ್ ಫಿಯೋರ್ಡಿನ ಉದ್ದ 15 ಕಿಲೋಮೀಟರ್. 2005ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಹಡಗು ಒಳಗೆ ಹೋಗುವಾಗ ಎಡಕ್ಕೆ ಏಳು ಸೋದರಿಯರು ಅನ್ನುವ ಜಲಪಾತ, ಅದಕ್ಕೆ ಎದುರಾಗಿ ಬಲಕ್ಕೆ ಫ್ರಿಯಾರೆನ್ ಅನ್ನುವ ಇನ್ನೊಂದು. ವಾಪಸ್ ಬರುವಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹಾಗಾಗಿ "ಯಾವ ಸೈಡ್ ಬುಕ್ ಮಾಡಲಿ" ಅಂತ ತಲೆ ಕೆಡಿಸಿಕೊಳ್ಳಬೇಡಿ. ಹಿಮ ಕರಗುವ ಮೇ, ಜೂನ್, ಜುಲೈನಲ್ಲಿ ನೀರು ಚೆನ್ನಾಗಿರುತ್ತದೆ. ಬೇಸಿಗೆ ಮುಗಿಯುತ್ತಾ ಬಂದರೆ ಆ ಸೋದರಿಯರಲ್ಲಿ ಒಂದಿಬ್ಬರು ಸೊರಗಿರುತ್ತಾರೆ.

ನನ್ನ ಅಮ್ಮ ಆ ಬಾಲ್ಕನಿಯಲ್ಲಿ ಕೂತದ್ದನ್ನು ನಾನು ನೋಡಿದ್ದೇನೆ. ಸೀರೆ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಜಾಕೆಟ್, ತಲೆಗೆ ಮಫ್ಲರ್. ಜಲಪಾತದ ಎಳೆಗಳನ್ನು ಬೆರಳು ಮಡಿಚಿ ಎಣಿಸಿದರು. ಆಮೇಲೆ ಕಣ್ಣು ಇನ್ನೂ ಮೇಲಕ್ಕೆ ಹೋಯಿತು. ಅಲ್ಲಿ ಕಡಿದಾದ ಬಂಡೆಯ ಅಂಚಿನಲ್ಲಿ, ನೀರಿನಿಂದ ಸುಮಾರು 250 ಮೀಟರ್ ಎತ್ತರದಲ್ಲಿ, ಹುಲ್ಲು ಹೊದಿಸಿದ ಮಾಡಿನ ಹಳೇ ಮನೆಗಳು ಇವೆ. ಒಂದು ಬದಿ ಕ್ನಿವ್ಸ್‌ಫ್ಲೋ, ಎದುರು ಬದಿ ಸ್ಕಾಗೆಫ್ಲೋ. ನೂರು ವರ್ಷಕ್ಕೂ ಹಿಂದೆ ಅಲ್ಲೆಲ್ಲ ಆಡು ಸಾಕಿಕೊಂಡು ಸಂಸಾರಗಳು ಬದುಕಿದ್ದವು. ನಾವೆಲ್ಲ ಫೋಟೋ ತೆಗೆಯುವುದರಲ್ಲಿದ್ದೆವು. ಅಮ್ಮ ಕೇಳಿದ್ದು ಇಷ್ಟು. "ಅಲ್ಲ ಕಣೋ, ಅಷ್ಟು ಮೇಲಕ್ಕೆ ಸಾಮಾನು ಹೇಗೆ ಸಾಗಿಸ್ತಿದ್ರು? ಕೂಸುಗಳು ಆಡ್ತಾ ಆಡ್ತಾ ಜಾರಿದ್ರೆ?"

ಮಕ್ಕಳನ್ನು ಸೊಂಟಕ್ಕೆ ಹಗ್ಗ ಕಟ್ಟಿ ಆಡಲು ಬಿಡುತ್ತಿದ್ದರು ಅಂತ ಅಲ್ಲಿಯವರು ಹೇಳುತ್ತಾರೆ. ಕಂದಾಯ ವಸೂಲಿಗೆ ಅಧಿಕಾರಿ ಬಂದರೆ ಸ್ಕಾಗೆಫ್ಲೋ ಮನೆಯವರು ಏಣಿಯನ್ನೇ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಅಮ್ಮ ಎಷ್ಟು ನಕ್ಕರು! ತೀರ್ಥಹಳ್ಳಿ ಕಡೆಯ ಗುಡ್ಡದ ಮನೆಯಲ್ಲಿ ಹುಟ್ಟಿ, ತಲೆ ಮೇಲೆ ಹುಲ್ಲು ಹೊತ್ತವರು ಅವರು. ಆ ಮನೆಯ ಹೆಂಗಸಿನ ಕಷ್ಟ ಅವರಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ನಮಗೆ ಬ್ರೋಷರ್ ಓದಿದರೂ ಅರ್ಥವಾಗಿರಲಿಲ್ಲ. ಆ ಫಿಯೋರ್ಡನ್ನು ನಮ್ಮ ಕುಟುಂಬದಲ್ಲಿ ನಿಜವಾಗಿ ನೋಡಿದವರು ಅಮ್ಮ. ಇಂಥವರನ್ನು ಕಿಟಕಿ ಇಲ್ಲದ ರೂಮಿನಲ್ಲಿ ಮಲಗಿಸುತ್ತೀರಾ?

ಇನ್ನೊಂದು ವಿಷಯ. ಗೈರಾಂಗರ್‌ನಲ್ಲಿ ಎಷ್ಟೋ ಹಡಗು ನಡುನೀರಲ್ಲಿ ಲಂಗರು ಹಾಕುತ್ತವೆ. ದಡಕ್ಕೆ ಹೋಗಲು ಚಿಕ್ಕ ದೋಣಿಗೆ ಇಳಿಯಬೇಕು. ಮಂಡಿ ನೋವಿನವರಿಗೆ, ಗಾಲಿಕುರ್ಚಿಯವರಿಗೆ ಅದು ಕಷ್ಟ. ಅಲೆ ಇದ್ದರೆ ಗಾಲಿಕುರ್ಚಿಯವರನ್ನು ಎಷ್ಟೋ ಸಲ ಇಳಿಸುವುದೇ ಇಲ್ಲ. ನೀವೆಲ್ಲ ಬಸ್ ಹತ್ತಿ ಸುಮಾರು 1,500 ಮೀಟರ್ ಎತ್ತರದ ಡಾಲ್ಸ್‌ನಿಬ್ಬಾಗೆ ಹೋಗಿ ಸೆಲ್ಫಿ ಹೊಡೆದುಕೊಳ್ಳುತ್ತೀರಿ. ಅಪ್ಪ ಅಮ್ಮ ಹಡಗಿನಲ್ಲೇ ಉಳಿಯುತ್ತಾರೆ, ಎಷ್ಟೋ ಸಲ ನಿಮ್ಮ ಚಿಕ್ಕ ಮಗುವನ್ನೂ ನೋಡಿಕೊಳ್ಳುತ್ತಾ. ಇಡೀ ದಿನ! ಆ ದಿನ ಅವರ ಕಣ್ಣೆದುರು ಇರಬೇಕಾದ್ದು ಬೆಟ್ಟವಾ, ಗೋಡೆಯಾ? ಹೇಳಿ ನೋಡೋಣ.

"ಕೆಳಗಿನ ಕ್ಯಾಬಿನ್ ಆದರೆ ಅಲ್ಲಾಡೋದು ಕಮ್ಮಿ, ವಯಸ್ಸಾದವರಿಗೆ ಒಳ್ಳೇದು" ಅಂತ ಒಬ್ಬರು ಬರೆದಿದ್ದಾರೆ. ಅಲ್ಲಾಡುವುದು ನಾರ್ತ್ ಸೀ ದಾಟುವಾಗ, ಹೋಗುವಾಗ ಒಂದಷ್ಟು ಹೊತ್ತು, ಬರುವಾಗ ಒಂದಷ್ಟು ಹೊತ್ತು. ಫಿಯೋರ್ಡ್ ಒಳಗೆ ಬೆಟ್ಟಗಳು ಅಡ್ಡ ಇರುವುದರಿಂದ ಸಮುದ್ರದ ದೊಡ್ಡ ಅಲೆ ಬರುವುದಿಲ್ಲ. ಅಷ್ಟು ಭಯ ಇದ್ದರೆ ಹಡಗಿನ ಉದ್ದದಲ್ಲಿ ನಡುವೆ ಬರುವ, ತೀರಾ ಮೇಲಲ್ಲದ ಬಾಲ್ಕನಿ ತೆಗೆದುಕೊಳ್ಳಿ. ಮುಂದೆ ಲೈಫ್‌ಬೋಟ್ ಅಡ್ಡ ಬರುತ್ತದಾ ಅಂತ ಮೊದಲೇ ಕೇಳಿ. ಕೆಲವು ದೊಡ್ಡ ಹಡಗುಗಳಲ್ಲಿ ಬಾಲ್ಕನಿ ಅಂತ ಮಾರುವುದು ಹಡಗಿನ ಒಳಗಿನ ಅಂಗಳದ ಕಡೆ ತೆರೆಯುತ್ತದೆ, ಅದನ್ನೂ ನೋಡಿಕೊಳ್ಳಿ.

ಇನ್ನು ದುಡ್ಡು. "ಎರಡೂ ಬಾಲ್ಕನಿ ತಗೊಳ್ಳೋಕೆ ನಾವೇನು ಅಂಬಾನಿನಾ?" ನಾನು ಎರಡು ಅಂತ ಎಲ್ಲಿ ಹೇಳಿದೆ? ನೀವು ಈಗಾಗಲೇ ಒಂದು ಬಾಲ್ಕನಿ, ಒಂದು ಒಳಗಿನದು ಬುಕ್ ಮಾಡಿದ್ದೀರಿ. ಅದೇ ದುಡ್ಡು, ಅದೇ ಹಡಗು. ಮಲಗುವವರು ಬದಲಾಗಬೇಕು, ಅಷ್ಟೇ. ನೀವು ಇಬ್ಬರೂ ಒಳಗೆ ಮಲಗಿ, ಮಕ್ಕಳು ಅಜ್ಜಿ ತಾತನ ಜೊತೆ ಮಲಗಲಿ. ನಿಮಗೆ ಡೆಕ್ ಇದೆ, ಕಾಲಲ್ಲಿ ಶಕ್ತಿ ಇದೆ, ಮುಂದಿನ ವರ್ಷ ಇದೆ. ಅವರಿಗೆ ಮುಂದಿನ ವರ್ಷದ ಮಾತು ಯಾಕೆ ಹೇಳುತ್ತೀರಿ?

ಮುಂದಿನ ವರ್ಷದ ಮಾತು ಬಂತಲ್ಲ, ಇದನ್ನೂ ಕೇಳಿ. 2018ರಲ್ಲಿ ನಾರ್ವೆ ಸಂಸತ್ತು ಈ ಯುನೆಸ್ಕೋ ಫಿಯೋರ್ಡುಗಳಿಗೆ ಹೊಗೆ ಬಿಡುವ ಹಡಗು ಬರಬಾರದು ಅಂತ ತೀರ್ಮಾನ ಮಾಡಿತು. ಆಗ ಎಲ್ಲಕ್ಕೂ 2026 ಅಂತಿತ್ತು, ಆಮೇಲೆ ಬಂದ ನಿಯಮದಲ್ಲಿ ಚಿಕ್ಕ ಹಡಗುಗಳಿಗೆ 2026ರ ಜನವರಿಯಿಂದ, 10,000 ಗ್ರಾಸ್ ಟನ್ನೇಜ್ (ಹಡಗಿನ ಗಾತ್ರದ ಅಳತೆ) ಮೇಲಿನ ದೊಡ್ಡವಕ್ಕೆ 2032ರಿಂದ ಅಂತ ಆಯಿತು. ಒಳ್ಳೆಯ ತೀರ್ಮಾನ, ಆ ಕಣಿವೆಯಲ್ಲಿ ಹೊಗೆ ನಿಂತುಬಿಡುತ್ತದೆ. ಆದರೆ ಈಗ ಓಡಾಡುವ ದೊಡ್ಡ ಹಡಗುಗಳಲ್ಲಿ ಎಷ್ಟು ಅಷ್ಟರಲ್ಲಿ ಬದಲಾಗುತ್ತವೋ! ನನ್ನ ಅಮ್ಮನಿಗೆ ಈಗ 72. 2032 ಅಂದರೆ ನೀವೇ ಲೆಕ್ಕ ಹಾಕಿ. ಅದಕ್ಕೇ ಹೇಳುವುದು, ಇರುವಾಗ ತೋರಿಸಿ, ಕೂರಿಸಿ ತೋರಿಸಿ, ಬಾಲ್ಕನಿಯಲ್ಲಿ ಕೂರಿಸಿ ತೋರಿಸಿ!

ಮತ್ತೆ, ಅವರನ್ನು ಕೇಳಬೇಡಿ. ಕೇಳಿದರೆ "ನಮಗ್ಯಾಕಪ್ಪಾ, ನೀವು ಮಕ್ಕಳು ನೋಡಿ, ನಮಗೆ ಎಲ್ಲಾದರೂ ಆಗುತ್ತೆ" ಅಂತಲೇ ಅನ್ನುತ್ತಾರೆ. ಆ ಮಾತನ್ನು ಹಿಡಿದುಕೊಂಡು "ಅವರೇ ಬೇಡ ಅಂದ್ರು" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದವರು ರೀ ಅವರು! ಬೇಡ ಅನ್ನುವುದು ಅವರಿಗೆ ಅಭ್ಯಾಸ ಆಗಿಹೋಗಿದೆ. ಆ ಅಭ್ಯಾಸ ಮಾಡಿಸಿದ್ದು ನಾವೇ. ಕೀ ಕಾರ್ಡ್ ಕೈಗೆ ಕೊಟ್ಟು, "ಅಮ್ಮ, ಇದು ನಿಮ್ಮ ರೂಮು" ಅಂತ ಬಾಗಿಲು ತೆಗೆಯಿರಿ, ಸಾಕು.

"ಮಕ್ಕಳಿಗೆ ಬಾಲ್ಕನಿ ಬೇಕು ಅಂತ ಹಟ ಮಾಡ್ತಾರೆ" ಅಂತೀರಾ? ಅಜ್ಜಿ ರೂಮಿಗೆ ಕಳಿಸಿ. ಅಜ್ಜಿ ಪಕ್ಕ ಕೂತು ನೋಡಲಿ. "ನಮಗೆ ಪ್ರೈವೆಸಿ ಬೇಕು" ಅಂತೀರಾ? ಒಳಗಿನ ಕ್ಯಾಬಿನ್‌ನಷ್ಟು ಪ್ರೈವೆಸಿ ಇಡೀ ಹಡಗಿನಲ್ಲಿ ಇಲ್ಲ. ಇನ್ನೇನಿದೆ? ಇನ್ನೇನೂ ಇಲ್ಲ. ನನ್ನ ಹತ್ತಿರವೂ ಹೊಸ ಕಾರಣ ಇಲ್ಲ, ಬೇಕಾಗಿಯೂ ಇಲ್ಲ. ಬಾಲ್ಕನಿ ಅವರಿಗೆ ಕೊಡಿ. ಕೊಡಿ ಅಂದರೆ ಕೊಡಿ!

ಈ ಎಪಿಸೋಡನ್ನು ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿ. ಬುಕ್ಕಿಂಗ್ ಆಗಿರುವವರು ಇವತ್ತೇ ಏಜೆಂಟಿಗೆ ಫೋನ್ ಮಾಡಿ, ಹೆಸರು ಅದಲು ಬದಲು ಮಾಡಿಸಿ. ಮಕ್ಕಳ ಕ್ಯಾಬಿನ್‌ನಲ್ಲಿ ದೊಡ್ಡವರೊಬ್ಬರ ಹೆಸರು ಇರಬೇಕು ಅಂತ ರೂಲ್ಸ್ ಹೇಳಿದರೆ ಅಜ್ಜಿ ಹೆಸರನ್ನೇ ಕೊಡಿ. ಮಾಡಿಸಿದವರು ಕೆಳಗೆ "ಮಾಡಿಸಿದೆ" ಅಂತ ಬರೆಯಿರಿ, ಒಬ್ಬೊಬ್ಬರಿಗೂ ನಾನೇ ಉತ್ತರ ಕೊಡುತ್ತೇನೆ. ಬರ್ಗನ್ ಎಪಿಸೋಡ್ ಮುಂದಿನ ಶನಿವಾರ ಬರುತ್ತದೆ. ವರ್ಷದಲ್ಲಿ 200ಕ್ಕೂ ಜಾಸ್ತಿ ದಿನ ಮಳೆ ಸುರಿಯುವ ಊರಿಗೆ ಅಪ್ಪ ಅಮ್ಮನಿಗೆ ಎಂಥ ಚಪ್ಪಲಿ ತಗೊಂಡು ಹೋಗಬೇಕು ಅನ್ನುವುದರಿಂದ ಶುರು ಮಾಡುತ್ತೇನೆ.