ಒಂದೇ ಕೋಣೆಯಲ್ಲಿ ಹುಟ್ಟಿದ ಹಾಡುಗಳು

ರಂಗದ ಗೆಳೆಯರಿಗೆಲ್ಲ ನಮಸ್ಕಾರ.

ರಂಗನಟ ಬಳ್ಳಾರಿ ರಾಘವರ ಊರಲ್ಲಿ ನಿಂತು, ನಾಟಕಕ್ಕೆ ಹಾಡು ಕಟ್ಟಿದ ನ್ಯೂಯಾರ್ಕಿನ ಇಬ್ಬರ ಮಾತು ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಈಗ ಕವಿ ಹಾಡು ಬರೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಹಾರ್ಮೋನಿಯಂ ಮಾಸ್ತರು ಅದಕ್ಕೊಂದು ಮಟ್ಟು ಹಾಕುತ್ತಾರೆ. ಎಷ್ಟೋ ಸಲ ಅದು ಸಿನಿಮಾ ಹಾಡಿನ ಮಟ್ಟೇ. ಇಬ್ಬರೂ ಎದುರಾಗುವುದು ತಾಲೀಮು ಮುಗಿಯುವ ಹೊತ್ತಿಗೆ. ಇದು ನನಗೆ ಸರಿ ಕಾಣುವುದಿಲ್ಲ.

ನಾನು ಹೇಳಿದ ಆ ಇಬ್ಬರು, ಜಾನ್ ಕ್ಯಾಂಡರ್ ಮತ್ತು ಫ್ರೆಡ್ ಎಬ್, ಕೂಡಿ ಕೂತೇ ಕೆಲಸ ಮಾಡಿದವರು. ಕ್ಯಾಂಡರ್ ಅವರದು ಸಂಗೀತ, ಎಬ್ ಅವರದು ಸಾಹಿತ್ಯ. 1962ರಲ್ಲಿ ಪರಿಚಯವಾಯಿತು. 2004ರಲ್ಲಿ ಎಬ್ ತೀರಿಕೊಳ್ಳುವವರೆಗೂ ಜೋಡಿ ಮುರಿಯಲಿಲ್ಲ. ಎಬ್ ಮನೆಯಲ್ಲಿ ಒಬ್ಬರು ಪಿಯಾನೋ ನುಡಿಸುತ್ತಿದ್ದರು, ಇನ್ನೊಬ್ಬರು ಅಲ್ಲೇ ಮಾತು ಹೊಸೆಯುತ್ತಿದ್ದರು. ಮಾತು ಮೊದಲೋ, ಮಟ್ಟು ಮೊದಲೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ನ್ಯೂಯಾರ್ಕಿನ ದೊಡ್ಡ ನಾಟಕ ಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ಅವರ ಮೊದಲ ನಾಟಕ ಬಂದದ್ದು 1965ರಲ್ಲಿ. ಅದು ಓಡಲಿಲ್ಲ. ಆದರೆ ನಿರ್ಮಾಪಕ ಹಾಲ್ ಪ್ರಿನ್ಸ್ ಮೊದಲೇ ಮಾತು ಕೊಟ್ಟಿದ್ದರು: ಇದು ಗೆದ್ದರೂ ಸೋತರೂ ಮರುದಿನವೇ ಮುಂದಿನ ನಾಟಕಕ್ಕೆ ಕೂರೋಣ. ಹಾಗೆ ಹುಟ್ಟಿದ್ದು 1966ರ ‘ಕ್ಯಾಬರೆ’. ಅಂಥ ಮಾಲೀಕರು ಎಲ್ಲ ಕಂಪನಿಗೂ ಸಿಗಬೇಕು!

ಈ ನಾಟಕದ ಕಾಲ, ಹಿಟ್ಲರ್ ಬಲಿಯುತ್ತಿದ್ದ ದಿನಗಳ ಬರ್ಲಿನ್. ಅದರ ಒಂದು ಹಾಡನ್ನು 1972ರ ಸಿನಿಮಾದಲ್ಲಿ ನೋಡಬೇಕು. ಬಿಸಿಲು ಬಿದ್ದ ತೋಟ, ಬಿಯರ್ ಕುಡಿಯುತ್ತಾ ಕೂತ ಜನ. ಚೆಂದದ ಹುಡುಗನೊಬ್ಬ ಹುಲ್ಲುಗಾವಲು, ಕಾಡು ಅಂತ ಇಂಪಾಗಿ ಹಾಡುತ್ತಾನೆ. ಮೊದಲು ಕಾಣುವುದು ಅವನ ಮುಖ ಮಾತ್ರ. ಆಮೇಲೆ ಕ್ಯಾಮೆರಾ ಕೆಳಗಿಳಿಯುತ್ತದೆ. ತೋಳಿಗೆ ನಾಜಿ ಪಟ್ಟಿ! ಒಬ್ಬೊಬ್ಬರಾಗಿ ಎದ್ದು ದನಿ ಕೂಡಿಸುತ್ತಾರೆ. ಮುದುಕನೊಬ್ಬ ಮಾತ್ರ ಕೂತೇ ಇರುತ್ತಾನೆ. ಮಟ್ಟು ಅದೇ, ಆದರೆ ಕೇಳುವವರ ಎದೆ ನಡುಗುತ್ತದೆ. ಇದು ನಿಜವಾಗಲೂ ಹಳೆಯ ಜರ್ಮನ್ ಹಾಡು ಅಂತ ನಂಬಿದವರಿದ್ದರು. ಕಟ್ಟಿದ ಇಬ್ಬರೂ ಯಹೂದಿಗಳು. ಸಾಲುಗಳಲ್ಲಿ ಯಾರಿಗೂ ಬೈಗುಳವಿಲ್ಲ. ಯಾರು ಹಾಡುತ್ತಾರೆ, ಯಾರ ನಡುವೆ ಹಾಡುತ್ತಾರೆ ಎಂಬುದರಿಂದಲೇ ಭಯ ಹುಟ್ಟುತ್ತದೆ. ಬೇರೆ ಎಲ್ಲಿಂದಲೋ ತಂದ ಮಟ್ಟು ಈ ಕೆಲಸ ಮಾಡೀತಾ?

1977ರ ‘ನ್ಯೂಯಾರ್ಕ್, ನ್ಯೂಯಾರ್ಕ್’ ಸಿನಿಮಾದ ಕತೆಯೂ ಹೇಳಬೇಕು. ಇವರು ಬರೆದ ಮೊದಲ ಶೀರ್ಷಿಕೆ ಗೀತೆ ನಾಯಕ ನಟ ರಾಬರ್ಟ್ ಡಿ ನೀರೋಗೆ ಹಿಡಿಸಲಿಲ್ಲ. ನಟನೊಬ್ಬ ನಮಗೆ ಹಾಡು ಕಲಿಸುವುದಾ ಅಂತ ಇಬ್ಬರಿಗೂ ಸಿಟ್ಟು ಬಂತು. ಆ ಸಿಟ್ಟಲ್ಲೇ ಕೂತರು, ಮುಕ್ಕಾಲು ಗಂಟೆಯಲ್ಲಿ ಇನ್ನೊಂದು ಬರೆದರು. ಈಗ ಜಗತ್ತೆಲ್ಲ ಹಾಡುವುದು ಆ ಎರಡನೆಯದನ್ನೇ. ಅಷ್ಟು ಬೇಗ ಆದದ್ದು ಹೇಗೆ? ಪಿಯಾನೋ, ಪೆನ್ನು, ಸಿಟ್ಟು ಎಲ್ಲಾ ಒಂದೇ ಕಡೆ ಇದ್ದವು. ಸುಮ್ನೆ ಹೇಳುತ್ತಿಲ್ಲ, ಕವಿಯನ್ನು ತಾಲೀಮಿನ ಮೊದಲ ದಿನವೇ ಕರೆದು ಮಾಸ್ತರರ ಪಕ್ಕ ಕೂರಿಸಿ ನೋಡಿ. ಜಗಳವಾದರೂ ಆಗಲಿ.

ಎಬ್ ಹೋದಾಗ ಕೆಲವು ನಾಟಕಗಳು ಅರ್ಧಕ್ಕೇ ನಿಂತಿದ್ದವು. ಕ್ಯಾಂಡರ್ ಅವನ್ನು ಬಿಡಲಿಲ್ಲ. ‘ದಿ ಸ್ಕಾಟ್ಸ್‌ಬೊರೊ ಬಾಯ್ಸ್’ ಅಂಥದ್ದೊಂದು. 1931ರಲ್ಲಿ ಅಮೆರಿಕದ ಅಲಬಾಮದಲ್ಲಿ ಸುಳ್ಳು ಆರೋಪಕ್ಕೆ ಸಿಕ್ಕಿದ ಒಂಬತ್ತು ಕಪ್ಪು ಹುಡುಗರ ಕತೆ. ಉಳಿದ ಸಾಲುಗಳನ್ನು ಸಂಗೀತಗಾರ ಕ್ಯಾಂಡರ್ ತಾವೇ ಬರೆದರು. 2010ರಲ್ಲಿ ಅದು ಬ್ರಾಡ್‌ವೇ ಏರಿತು, ಎಬ್ ಹೆಸರೂ ಜೊತೆಗೇ ಇತ್ತು.