ಒಂದಕ್ಷರದ ತಪ್ಪು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಗದಗ ಮುದ್ರಣಕ್ಕೆ ಹೆಸರಾದ ಊರು. ಮೊಳೆ ಜೋಡಿಸಿದ ಹಿರಿಯರನ್ನು ಕೇಳಿ ನೋಡಿ. ಒಂದಕ್ಷರ ತಪ್ಪಿ ಲಗ್ನಪತ್ರಿಕೆಯ ಇಡೀ ಕಟ್ಟನ್ನೇ ಮತ್ತೆ ಅಚ್ಚು ಹಾಕಿದ ಕಥೆ ಹೇಳುತ್ತಾರೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೂಡ ಬಹಳ ಸಲ ಹೀಗೆ ಒಂದಕ್ಷರ ತಪ್ಪಿಯೇ ಶುರುವಾಗುತ್ತದೆ.

ಈ ಗ್ರಂಥಿಗೆ ಡಾಕ್ಟರು ಪ್ಯಾಂಕ್ರಿಯಾಸ್ ಅನ್ನುತ್ತಾರೆ. ಜಠರದ ಹಿಂದೆ ಅಡಗಿ ಕೂತಿರುತ್ತದೆ. ಅದರ ಹೆಸರೆತ್ತಿದರೆ ನಮಗೆ ನೆನಪಾಗುವುದು ಇನ್ಸುಲಿನ್, ಅಲ್ವಾ? ಆದರೆ ಅದರ ಬಹುಪಾಲು ಜೀವಕೋಶಗಳಿಗೆ ಬೇರೆ ಕೆಲಸ. ನಾವು ತಿಂದ ರೊಟ್ಟಿ, ಪಲ್ಯ ಕರಗಿಸುವ ರಸ ತಯಾರಿಸುವುದು.

ಕೋಶದೊಳಗೆ ಕೆರಾಸ್ ಅಂತ ಒಂದು ಜೀನ್ ಇದೆ. ಜೀನ್ ಅಂದರೆ ರಾಸಾಯನಿಕ ಅಕ್ಷರಗಳಲ್ಲಿ ಬರೆದ ಸೂಚನೆ. 'ಬೆಳೆ' ಎಂದು ಹೇಳುವ ಸ್ವಿಚ್ಚನ್ನು ಅದು ಮಾಡಿಕೊಡುತ್ತದೆ. ಹೇಳಿದ ಮೇಲೆ ಸ್ವಿಚ್ ತಾನಾಗಿ ಆರಬೇಕು. ಈ ಜೀನಿನ 12ನೇ ಪದಕ್ಕೆ ಮೂರೇ ಅಕ್ಷರ: ಜಿ, ಜಿ, ಟಿ. ನಡುವಿನ ಜಿ ಹೋಗಿ ಎ ಬಂತೋ, ಸ್ವಿಚ್ ಆರುವುದೇ ಇಲ್ಲ. ಈ ಕ್ಯಾನ್ಸರಿನ 10 ಗಡ್ಡೆಗಳಲ್ಲಿ ಸುಮಾರು 9ರಲ್ಲಿ ಕೆರಾಸ್ ಕೆಟ್ಟಿರುತ್ತದೆ.

ನನಗೆ ಇದಕ್ಕಿಂತ ಸೋಜಿಗ ಅನ್ನಿಸುವುದು ಇನ್ನೊಂದು. ಪಿತ್ತಕೋಶದ ಕಲ್ಲಿನಿಂದಲೋ ಕುಡಿತದಿಂದಲೋ ಗ್ರಂಥಿಗೆ ಬಾವು ಬಂದಾಗ, ರಸ ತಯಾರಿಸುವ ಕೋಶಗಳು ಕೆಲಸ ಬಿಟ್ಟು, ಆ ರಸ ಹರಿಯುವ ನಾಳದ ಕೋಶಗಳ ವೇಷ ಹಾಕುತ್ತವೆ. ಬಾವು ಇಳಿದರೆ ಬಣ್ಣ ತೊಳೆದುಕೊಂಡು ಮತ್ತೆ ಕೆಲಸಕ್ಕೆ. ದೊಡ್ಡಾಟದವರು ಬೆಳಗಾದರೆ ಹೊಲಕ್ಕೆ ಹೋಗುವುದಿಲ್ಲವೇ, ಹಾಗೆ. ಕೆರಾಸ್ ಕೆಟ್ಟಿದ್ದರೆ ಮಾತ್ರ ಆ ಬಣ್ಣ ಹೋಗುವುದಿಲ್ಲ. ವೇಷವೇ ಗಟ್ಟಿಯಾಗಿ ಉಳಿಯುತ್ತದೆ. ಹೀಗೆ ಸಣ್ಣ ನಾಳಗಳ ಒಳಮೈಯಲ್ಲಿ ಗಾಯವಲ್ಲದ, ಗಡ್ಡೆಯೂ ಅಲ್ಲದ ಮಚ್ಚೆಗಳು ಏಳುತ್ತವೆ.

ಹೆದರಬೇಡಿ. ಇಂಥ ಮಚ್ಚೆ ವಯಸ್ಸಾದ ಎಷ್ಟೋ ಜನರಲ್ಲಿ ಇರುತ್ತವೆ, ಹೆಚ್ಚಿನವು ಸುಮ್ನೆ ಇದ್ದುಬಿಡುತ್ತವೆ. ಕೆಲವುಗಳಲ್ಲಿ ಮಾತ್ರ ಬ್ರೇಕ್ ಹಾಕುವ ಜೀನುಗಳೂ ಒಂದೊಂದಾಗಿ ಕೆಡುತ್ತವೆ. ಪಿ16, ಪಿ53, ಎಸ್‌ಮ್ಯಾಡ್4 ಅಂತ ಅವುಗಳ ಹೆಸರು.

"ನಿನ್ನೆ ಮೊನ್ನೆ ತನಕ ಗಟ್ಟಿ ಇದ್ರಲ್ರೀ" ಅಂತ ಸಾವಿನ ಮನೆಯಲ್ಲಿ ಮಾತಾಡಿಕೊಳ್ಳುತ್ತೇವೆ. ರೋಗಿಗಳ ಗಡ್ಡೆಯ ಜೀನುಗಳನ್ನು ಓದಿ, ತಪ್ಪುಗಳನ್ನು ಎಣಿಸಿ ವಿಜ್ಞಾನಿಗಳು 2010ರಲ್ಲಿ ಬೇರೆಯೇ ಲೆಕ್ಕ ಕೊಟ್ಟರು. ಮೊದಲ ತಪ್ಪಿನಿಂದ ಮೊದಲ ಕ್ಯಾನ್ಸರ್ ಕೋಶ ಹುಟ್ಟಲು ಕಡಿಮೆ ಅಂದರೂ 10 ವರ್ಷ. ಅದು ಬೇರೆ ಅಂಗಕ್ಕೆ ಹಬ್ಬುವ ಶಕ್ತಿ ಪಡೆಯಲು ಮತ್ತೆ 5 ವರ್ಷ. ಇಷ್ಟು ಕಾಲ ಅದು ಸಾಮಾನ್ಯವಾಗಿ ನೋವನ್ನೇ ಕೊಡುವುದಿಲ್ಲ. ಅದೇ ಕಷ್ಟ.

ಬೀಡಿ, ಸಿಗರೇಟು ಈ ರೋಗದ ಅಪಾಯ ಹೆಚ್ಚಿಸುತ್ತವೆ. 50 ದಾಟಿದವರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಕಂಡು, ಜೊತೆಗೆ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಎರಡನ್ನೂ ಡಾಕ್ಟರಿಗೆ ಒಟ್ಟಿಗೇ ಹೇಳಿ. ಸಕ್ಕರೆ ಗುಳಿಗೆ ಬರೆಸಿಕೊಂಡು ತೂಕದ ಮಾತು ನುಂಗಿ ಬರಬೇಡಿ.