ಆಸ್ಕರ್ 2025: ನನ್ನ ಕಣ್ಣು ಹೋಗಿದ್ದು ಚಿತ್ರಕಥೆಯ ಪಟ್ಟಿಗೆ

ಲಾಸ್ ಏಂಜಲೀಸ್‌ನ ಕಾಡ್ಗಿಚ್ಚಿನಿಂದ ಮುಂದೆ ಹೋಗಿದ್ದ ಆಸ್ಕರ್ ನಾಮಿನೇಷನ್ ಕೊನೆಗೂ ಜನವರಿ 23ಕ್ಕೆ ಬಂತು. ‘ಎಮಿಲಿಯಾ ಪೆರೆಸ್’ಗೆ 13 ನಾಮಿನೇಷನ್ ಅನ್ನೋದೇ ಎಲ್ಲ ಕಡೆ ಸುದ್ದಿ. ನಾನು ಮಾತ್ರ ಮೊದಲು ಹುಡುಕಿದ್ದು ಚಿತ್ರಕಥೆಯ ಎರಡು ವಿಭಾಗ: ಹೊಸದಾಗಿ ಬರೆದ ಮೂಲ ಚಿತ್ರಕಥೆ, ಕಾದಂಬರಿಯಂಥ ಬೇರೆ ಕೃತಿಯಿಂದ ಮಾಡಿದ ಆಧಾರಿತ ಚಿತ್ರಕಥೆ. ಒಂದೊಂದರಲ್ಲಿ ಐದು ಚಿತ್ರ. ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೇನೇ.

ಯಾಕೆ ಅಂದ್ರೆ, ಈ ಹತ್ತು ಚಿತ್ರಗಳನ್ನ ಆರಿಸೋದು ಆಸ್ಕರ್ ಕೊಡೋ ಅಕಾಡೆಮಿಯಲ್ಲಿರೋ ಬರಹಗಾರರ ವಿಭಾಗ. ಗೆಲ್ಲೋದು ಯಾರು ಅನ್ನೋದಕ್ಕೆ ಆಮೇಲೆ ಇಡೀ ಅಕಾಡೆಮಿ ವೋಟ್ ಹಾಕುತ್ತೆ, ಆದ್ರೆ ನಾಮಿನೇಷನ್ ಮಾತ್ರ ಬರೆಯೋರು ಬರೆಯೋರಿಗೆ ಕೊಡೋ ಗೌರವ. ಪ್ರಶಸ್ತಿಗಿಂತ ಈ ಪಟ್ಟಿ ಮೇಲೇ ನನಗೆ ನಂಬಿಕೆ ಜಾಸ್ತಿ.

ತುಂಬಾ ಖುಷಿ ಕೊಟ್ಟಿದ್ದು ‘ಸಿಂಗ್ ಸಿಂಗ್’. ನ್ಯೂಯಾರ್ಕ್ ರಾಜ್ಯದ ಸಿಂಗ್ ಸಿಂಗ್ ಜೈಲಲ್ಲಿ ಕೈದಿಗಳೇ ಸೇರಿ ನಾಟಕ ಮಾಡೋ ಕಥೆ. ನಾಮಿನೇಟ್ ಆಗಿರೋ ನಾಲ್ಕು ಹೆಸರಲ್ಲಿ ಕ್ಲಿಂಟ್ ಬೆಂಟ್ಲಿ, ಗ್ರೆಗ್ ಕ್ವೇಡರ್ ಜೊತೆ ಕ್ಲಾರೆನ್ಸ್ ಮ್ಯಾಕ್ಲಿನ್, ಜಾನ್ ‘ಡಿವೈನ್ ಜಿ’ ವಿಟ್‌ಫೀಲ್ಡ್ ಕೂಡ ಇದ್ದಾರೆ. ಈ ಇಬ್ಬರೂ ಅದೇ ಜೈಲಲ್ಲಿ ಇದ್ದವರು, ಅಲ್ಲಿನ ರಂಗ ತಂಡದಲ್ಲಿದ್ದವರು. ಮ್ಯಾಕ್ಲಿನ್ ಅಂತೂ ಸಿನಿಮಾದಲ್ಲಿ ತಮ್ಮದೇ ಪಾತ್ರ ಮಾಡಿದ್ದಾರೆ. ಯಾರದ್ದೋ ಬದುಕನ್ನ ಇನ್ಯಾರೋ ಬಂದು ಬರೆದುಕೊಂಡು ಹೋಗೋದು ಸಿನಿಮಾದಲ್ಲಿ ಮಾಮೂಲು. ಇಲ್ಲಿ ಬದುಕಿದವರ ಹೆಸರೂ ಬರಹಗಾರರ ಸಾಲಲ್ಲೇ ಇದೆ. ಆ ಸಾಲು ಓದಿದಾಗ ನಿಜವಾಗ್ಲೂ ಗಂಟಲು ಕಟ್ಟಿತು.

ಇನ್ನು ‘ನಿಕಲ್ ಬಾಯ್ಸ್’. ಕೋಲ್ಸನ್ ವೈಟ್‌ಹೆಡ್ ಅವರ ಕಾದಂಬರಿ. ಫ್ಲಾರಿಡಾದ ಒಂದು ಸುಧಾರಣಾ ಶಾಲೆಯಲ್ಲಿ ಸಿಕ್ಕಿಕೊಂಡ ಇಬ್ಬರು ಕಪ್ಪು ಹುಡುಗರ ಕಥೆ. ರಾಮೆಲ್ ರಾಸ್ ಮತ್ತು ಜಾಸ್ಲಿನ್ ಬಾರ್ನ್ಸ್ ಇದನ್ನ ಆ ಹುಡುಗರ ಕಣ್ಣಿಂದಲೇ ಬರೆದಿದ್ದಾರೆ. ಅವರಲ್ಲಿ ಒಬ್ಬ ಎಲ್ವುಡ್. ಅವನು ಏನು ನೋಡ್ತಾನೋ ಕ್ಯಾಮೆರಾ ಅದನ್ನೇ ನೋಡುತ್ತೆ, ಹಾಗಾಗಿ ಅವನ ಮುಖ ನಮಗೆ ಸರಿಯಾಗಿ ಕಾಣೋದೇ ಇಲ್ಲ. ಆಮೇಲೆ ಊಟದ ಟೇಬಲ್‌ನಲ್ಲಿ ಇನ್ನೊಬ್ಬ ಹುಡುಗ ಟರ್ನರ್ ಸಿಕ್ತಾನೆ. ಅದೇ ಸೀನ್ ಇನ್ನೊಂದ್ಸಲ, ಈ ಸಲ ಟರ್ನರ್ ಕಣ್ಣಿಂದ. ಆಗ ಎಲ್ವುಡ್ ಮುಖ ನೋಡ್ತೀವಿ. ಒಬ್ಬ ಗೆಳೆಯ ಸಿಕ್ಕಮೇಲೇ ಅವನು ನಮಗೆ ಕಾಣೋದು! ಚಿತ್ರಕಥೆ ಅಂದ್ರೆ ಬರೀ ಡೈಲಾಗ್ ಅನ್ನೋರಿಗೆ ನಾನು ತೋರಿಸೋದು ಇದನ್ನೇ. ಮಾತು ಕಡಿಮೆ ಇರೋ ಕೊರಾಲಿ ಫಾರ್ಜಾ ಅವರ ‘ದಿ ಸಬ್‌ಸ್ಟೆನ್ಸ್’ ಮೂಲ ಚಿತ್ರಕಥೆ ವಿಭಾಗದಲ್ಲಿ ಇರೋದೂ ಅಷ್ಟೇ ಸಂತೋಷ. ಹಾರರ್‌ಗೆ ಇಂಥ ಜಾಗ ಸಿಗೋದು ಅಪರೂಪ.

ಈಗ ಒಂದು ವಿಷಯ ಬಿಡಿಸಿ ಹೇಳ್ಲೇಬೇಕು. ಜನವರಿ 15ಕ್ಕೆ ಅಮೆರಿಕದ ಬರಹಗಾರರ ಸಂಘ, ಅಂದ್ರೆ ಡಬ್ಲ್ಯುಜಿಎ, ತನ್ನ ಪ್ರಶಸ್ತಿಯ ನಾಮಿನೇಷನ್ ಪಟ್ಟಿ ಕೊಟ್ಟಿತ್ತು. ಆಸ್ಕರ್ ಚಿತ್ರಕಥೆ ಪಟ್ಟಿಯಲ್ಲಿರೋ ಕೆಲವು ಚಿತ್ರಗಳು ಅದರಲ್ಲಿ ಇಲ್ಲ: ‘ಕಾನ್‌ಕ್ಲೇವ್’ ಇಲ್ಲ, ‘ದಿ ಬ್ರೂಟಲಿಸ್ಟ್’ ಇಲ್ಲ, ‘ಸಿಂಗ್ ಸಿಂಗ್’ ಕೂಡ ಇಲ್ಲ. ಇದನ್ನ ನೋಡಿ ಅನ್ಯಾಯ ಅಂದ್ಕೊಳ್ಳೋದು ಸಹಜ. ಆದ್ರೆ ಸಂಘದ ಒಪ್ಪಂದದ ಪ್ರಕಾರ, ಇಲ್ಲಾ ಅದರ ಜೊತೆಗಾರ ಸಂಘಗಳ ಒಪ್ಪಂದದ ಪ್ರಕಾರ ಬರೆದ ಸ್ಕ್ರಿಪ್ಟ್ ಮಾತ್ರ ಅಲ್ಲಿ ಸ್ಪರ್ಧಿಸಬಹುದು. ಇವು ಸ್ಪರ್ಧೆಗೇ ಇರಲಿಲ್ಲ. ಹಾಗಾಗಿ ಆಸ್ಕರ್‌ನ ಹತ್ತರಲ್ಲಿ ಎರಡೂ ಕಡೆ ಇರೋದು ನಾಲ್ಕೇ: ‘ಅನೋರಾ’, ‘ಎ ರಿಯಲ್ ಪೇನ್’, ‘ಎ ಕಂಪ್ಲೀಟ್ ಅನ್‌ನೋನ್’, ‘ನಿಕಲ್ ಬಾಯ್ಸ್’.

ನನಗೆ ಬೇಜಾರಾಗಿದ್ದು ‘ಚಾಲೆಂಜರ್ಸ್’ ವಿಷಯಕ್ಕೆ. ಸಂಘದ ಪಟ್ಟಿಯಲ್ಲಿತ್ತು, ಆಸ್ಕರ್‌ನಲ್ಲಿ ಒಂದೇ ಒಂದು ವಿಭಾಗದಲ್ಲೂ ಇಲ್ಲ. ಒಂದು ಟೆನಿಸ್ ಪಂದ್ಯದ ನಡುನಡುವೆ ಮೂವರ ವರ್ಷಗಟ್ಟಲೆ ಬದುಕನ್ನ ಹಿಂದೆ ಮುಂದೆ ಓಡಿಸಿ, ಎಲ್ಲೂ ದಾರಿ ತಪ್ಪಿಸದ ಬರವಣಿಗೆ ಅದು. ಜಸ್ಟಿನ್ ಕುರಿಟ್ಸ್‌ಕಿಸ್‌ಗೆ ಒಂದು ಜಾಗ ಸಿಗಲೇಬೇಕಿತ್ತು.

2025ರ ಮಾರ್ಚ್ 2ಕ್ಕೆ ಪ್ರಶಸ್ತಿ ಯಾರಿಗೇ ಕೊಟ್ಟಿರಲಿ, ನನ್ನ ವೋಟ್ ಹೇಳಿಬಿಡ್ತೀನಿ. ಆಧಾರಿತ ಚಿತ್ರಕಥೆಗೆ ‘ನಿಕಲ್ ಬಾಯ್ಸ್’, ಯೋಚನೆನೇ ಬೇಡ. ಮೂಲ ಚಿತ್ರಕಥೆಗೆ ಜೆಸ್ಸಿ ಐಸೆನ್‌ಬರ್ಗ್ ಅವರ ‘ಎ ರಿಯಲ್ ಪೇನ್’. ಹೋಟೆಲ್ ಊಟದ ಸೀನ್ ಇದೆಯಲ್ಲ, ಬೆಂಜಿ ಎದ್ದು ಹೋದಮೇಲೆ ಅವನ ಕಸಿನ್ ಡೇವಿಡ್ ಅವನ ಬಗ್ಗೆ ಮನಸ್ಸು ಬಿಚ್ಚಿ ಮಾತಾಡೋದು? ಅವನ ಮೇಲಿನ ಪ್ರೀತಿ, ಸಿಟ್ಟು, ಹೊಟ್ಟೆಕಿಚ್ಚು ಎಲ್ಲ ಒಂದೇ ಉಸಿರಲ್ಲಿ ಹೊರಗೆ ಬರುತ್ತೆ. ನೋಡಿಲ್ಲ ಅಂದ್ರೆ ಈ ವಾರ ನೋಡಿ, ಆಮೇಲೆ ನಿಮ್ಮ ವೋಟ್ ಯಾರಿಗೆ ಅಂತ ನನಗೆ ಹೇಳಿ.